ನನ್ನ ಹಿಂದಲೆ ಕಾಯದ ಬ್ರೇಕ್ ಪ್ರೊಟೀನರಿಗೆ

ರೋಗಾಣುಗಳೊಡನೆ ಕಾದಾಡುವ ಟಿ-ಕೋಶಗಳ ಮೈಮೇಲೆ ಕುಳಿತು ‘ಸಾಕು, ನಿಲ್ಲಿಸಿ’ ಎನ್ನುವ ಅಧಿಕಾರವುಳ್ಳ ಮಾನ್ಯರೇ,

ಕಣ್ಣಿಗೆ ಕಾಣದಷ್ಟು ಚಿಕ್ಕವರಾಗಿಯೂ ಇಷ್ಟು ದೊಡ್ಡ ಹುದ್ದೆಯಲ್ಲಿರುವ ತಮಗೆ ಮೊದಲಿಗೆ ಸಾಷ್ಟಾಂಗ ನಮಸ್ಕಾರ. ನಾನು ಇಪ್ಪತ್ತೆರಡು ವರ್ಷಗಳಿಂದ ಅಣ್ಣನ ಜೊತೆ ಎರಡು ಕುರ್ಚಿಯ ಕ್ಷೌರದಂಗಡಿ ನಡೆಸುತ್ತಿರುವವನು. ಕ್ಷೌರಿಕ ತನ್ನ ಕೂದಲು ತಾನೇ ಕತ್ತರಿಸಿಕೊಳ್ಳಲಾರನಾದ್ದರಿಂದ ತಿಂಗಳಿಗೊಮ್ಮೆ ಅವನ ತಲೆ ನನಗೆ, ನನ್ನ ತಲೆ ಅವನಿಗೆ.

ಕಳೆದ ಸಲ ಅವನು ಕತ್ತರಿಸಿದ ಮೂರನೆಯ ದಿನ, ನನ್ನ ಹಿಂದಲೆಯಲ್ಲಿ ಬಾಟಲಿ ಮುಚ್ಚಳದಷ್ಟು ಜಾಗ ಬೋಳಾಗಿರುವುದನ್ನು ಹೆಂಡತಿ ಕಂಡುಹಿಡಿದಳು. ಅಣ್ಣ ಮಷಿನ್ ಜಾರಿಸಿ ಬಾಯಿ ಮುಚ್ಚಿಕೊಂಡಿದ್ದಾನೆಂದು ತಿಳಿದ ನಾನು, ಮುಖಕ್ಕೆ ನೊರೆ ಬಳಿಸಿಕೊಂಡು ಕುಳಿತಿದ್ದ ಗಿರಾಕಿಯ ಎದುರೇ, ‘ನಿಂಗೆ ವಯಸ್ಸಾಯ್ತು, ಕೈ ನಡುಗುತ್ತೆ, ಕತ್ತರಿ ಕೆಳಗಿಡು’ ಎಂದುಬಿಟ್ಟೆ. ಅಣ್ಣ ಆ ಗಡ್ಡವನ್ನು ಪೂರ್ತಿ ಮಾಡಿ, ಕತ್ತರಿ ಒರೆಸಿಟ್ಟು ಮನೆಗೆ ಹೋದ.

ಆಮೇಲೆ ಡಾಕ್ಟರು, ‘ಯಾರ ಕೈಯೂ ಜಾರಿಲ್ಲ ಕಣ್ರೀ, ನಿಮ್ಮ ಟಿ-ಕೋಶಗಳೇ ಕೂದಲ ಬೇರನ್ನ ಶತ್ರು ಅಂದ್ಕೊಂಡಿವೆ, ತಡೆಯೋ ಪ್ರೊಟೀನು ಸಡಿಲ ಆಗಿರಬಹುದು’ ಎಂದಾಗ ತಮ್ಮ ಪರಿಚಯವಾಯಿತು. ರೋಗಾಣು ಬಂದಾಗ ಟಿ-ಕೋಶಗಳನ್ನು ಬಡಿದೆಬ್ಬಿಸಲು ಹತ್ತು ಮಂದಿಯಿದ್ದರೂ, ಕೆಲಸ ಮುಗಿದ ಮೇಲೆ ಅವನ್ನು ತಣ್ಣಗಾಗಿಸಿ, ನಮ್ಮವರ ಮೇಲೇ ಕೈಮಾಡದಂತೆ ಹಿಡಿದುಕೊಳ್ಳುವವರು ತಾವಂತೆ. ನನ್ನ ನೆಗಡಿಯನ್ನು ಹನ್ನೆರಡು ದಿನ ನೆಂಟನಂತೆ ಇರಗೊಟ್ಟ ಈ ವೀರರು, ಯಾರ ತಂಟೆಗೂ ಹೋಗದ ನನ್ನ ಕೂದಲ ಮೇಲೆ ಬೇಲಿಯೇ ಎದ್ದು ಹೊಲ ಮೇಯ್ದಂತೆ ಬಿದ್ದಾಗ, ನಡುವೆ ಬಾಯಿ ಹಾಕದ ತಮ್ಮ ಸೌಜನ್ಯವನ್ನು ಎಷ್ಟು ಹೊಗಳಿದರೂ ಸಾಲದು.

ಆದಕಾರಣ, ಆ ವೀರರು ಹುಬ್ಬಿಗೂ ಕೈಹಾಕುವ ಎಂಟು ದಿನ ಮೊದಲೇ ನೋಟಿಸು ಕೊಡಿಸಬೇಕೆಂದೂ, ತಪ್ಪು ತಮ್ಮ ಇಲಾಖೆಯದೆಂದು ಸಹಿ ಮಾಡಿದ ಪತ್ರವನ್ನು ತಾವೇ ಅಣ್ಣನ ಮನೆಗೆ ಮುಟ್ಟಿಸಬೇಕೆಂದೂ ಬೇಡಿಕೊಳ್ಳುತ್ತೇನೆ. ನನಗೆ ಅಲ್ಲಿಗೆ ಹೋಗಲು ಮುಖವಿಲ್ಲ. ಅವನಿಲ್ಲದ ಕುರ್ಚಿಯನ್ನು ದಿನಾ ಬೆಳಿಗ್ಗೆ ಒರೆಸುವಾಗ ಅಳು ಬರುತ್ತದೆ.

ತಮ್ಮ ವಿಶ್ವಾಸಿ,
ತಮ್ಮ ಕೃಪೆಯಿಂದ ಅರೆಬೋಳನಾದ ಕ್ಷೌರಿಕ

ತಾ.ಕ.: ತಮ್ಮ ಉತ್ತರ ಬರುವ ಲಕ್ಷಣ ಕಾಣದೆ ನಿನ್ನೆ ನಾನೇ ಹೋಗಿ, ಅಣ್ಣನ ಬಾಗಿಲಲ್ಲಿ ಬೆನ್ನು ತಿರುಗಿಸಿ ತಲೆ ಬಗ್ಗಿಸಿದೆ. ಅವನು ಬೆರಳಾಡಿಸಿ, ‘ಮಷಿನ್ ತಾಗಿದ್ರೆ ಮೋಟು ಕೂದಲು ಕೈಗೆ ಚುಚ್ಚಬೇಕಿತ್ತಲ್ಲೋ, ಇದು ನುಣ್ಣಗಿದೆ. ಇಷ್ಟು ವರ್ಷ ಕೆಲ್ಸ ಮಾಡಿದೋನು ಬೈಯೋಕೆ ಮುಂಚೆ ಒಂದ್ಸಲ ಮುಟ್ಟಿ ನೋಡ್ಬಾರ್ದಿತ್ತಾ?’ ಎಂದ. ಇವತ್ತು ಅಂಗಡಿಗೆ ಬಂದಿದ್ದಾನೆ. ತಮ್ಮ ಟಿ-ಕೋಶಗಳಿಗೂ ಈ ಪಾಠ ಹೇಳಿಕೊಡಲು ಸಿದ್ಧನಂತೆ. ಭಾನುವಾರ ಮಾತ್ರ ಕಳಿಸಬೇಡಿ, ಎರಡೂ ಕುರ್ಚಿ ಭರ್ತಿ ಇರುತ್ತವೆ.