ಮಲಗಲು ಒಪ್ಪದ ಲ್ಯಾಪ್‌ಟಾಪ್

ಹೇಳಿದ ಹೊತ್ತಿಗೆ ಸುಮ್ಮನಾಗದವರೇ ಹುಡುಕಿಕೊಂಡು ನನ್ನ ಪಾಲಿಗೆ ಬರುತ್ತಾರೆ. ಶಿರಸಿಯ ಈ ಹುಡುಗಿಯರ ಹಾಸ್ಟೆಲಿಗೆ ಮೇಟ್ರನ್ ಆಗಿ ಬಂದಾಗಿನಿಂದ ನೋಡುತ್ತಿದ್ದೇನೆ. ನಲ್ಲಿ ತಿರುಗಿಸಿದರೂ ತೊಟ್ಟಿಕ್ಕುತ್ತದೆ, ಮಾತು ನಿಲ್ಲಿಸಿ ಎಂದರೆ ಪಿಸುಮಾತು ಶುರುವಾಗುತ್ತದೆ. ನಾನು ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಕೆಳಗೆ ಓದಿದವಳು. ಅಲ್ಲಿ ಗಂಟೆ ಹೊಡೆದರೆ ಬಾಯಿಗಿಟ್ಟ ತುತ್ತೂ ಅಲ್ಲೇ ನಿಲ್ಲುತ್ತಿತ್ತು. ಆಡಳಿತ ಮಂಡಳಿಯವರು ಆಫೀಸಿಗೆ ಒಂದು ಲ್ಯಾಪ್‌ಟಾಪ್ ಕೊಟ್ಟಾಗ, ಕೊನೆಗೂ ಹೇಳಿದ ಮಾತು ಕೇಳುವ ಒಂದು ಪ್ರಾಣಿ ಬಂತು ಎಂದುಕೊಂಡೆ.

ಅದಕ್ಕೆ ನಾನು ಕೊಟ್ಟ ಮೊದಲ ಕೆಲಸ ಬೆಳಗ್ಗೆ ಹುಡುಗಿಯರನ್ನು ಎಬ್ಬಿಸುವುದು. "ಏಳಿ! ಎಷ್ಟು ಸಲ ಹೇಳಬೇಕು? ಕೆಳಗಿಳಿದು ಬನ್ನಿ!" ಎಂದು ನನ್ನದೇ ಧ್ವನಿಯನ್ನು ರೆಕಾರ್ಡ್ ಮಾಡಿಸಿದೆ. ಲ್ಯಾಪ್‌ಟಾಪ್ ಆನ್ ಆದ ಕೂಡಲೇ ಅದು ದೊಡ್ಡ ಸ್ಪೀಕರಿನಲ್ಲಿ ತಾನಾಗಿ ಮೊಳಗುವಂತೆ ನಮ್ಮ ಸಹಾಯಕ ವಾರ್ಡನ್ ಹೊಂದಿಸಿಕೊಟ್ಟಳು. "ಪಾಸ್‌ವರ್ಡ್ ಏನು ಇಡೋಣ ಮೇಡಂ?" ಎಂದು ಕೇಳಿದಳು. "ನನ್ನ ಮೇಜಿನ ಮೇಲಿನ ವಸ್ತು ಮುಟ್ಟುವ ಧೈರ್ಯ ಇಲ್ಲಿ ಯಾರಿಗಿದೆ? ಬೇಡ" ಎಂದೆ.

ಕೊಡೆ ಮರೆತವರು

ತೊಂದರೆ ಶುರುವಾದದ್ದು ನವರಾತ್ರಿ ಕಳೆದ ಮೇಲೆ. ರಾತ್ರಿ ಊಟದ ನಂತರ ಎಂದಿನಂತೆ ಲ್ಯಾಪ್‌ಟಾಪ್ ಬಂದ್ ಮಾಡಿದೆ. ಪರದೆ ಕಪ್ಪಾಯಿತು. ಬೀಗದ ಕೈ ಹಿಡಿದು ಬಾಗಿಲಿನ ತನಕ ಹೋಗಿದ್ದೆನಷ್ಟೇ, ಹಿಂದಿನಿಂದ ನನ್ನದೇ ಗರ್ಜನೆ: "ಏಳಿ! ಎಷ್ಟು ಸಲ ಹೇಳಬೇಕು?" ಮಹಡಿಯ ಮೇಲೆ ಆಗತಾನೇ ಕಣ್ಣು ಮುಚ್ಚಿದ್ದ ಹುಡುಗಿಯರು ಟೂತ್‌ಬ್ರಷ್ ಹಿಡಿದುಕೊಂಡು ಸಾಲಾಗಿ ಇಳಿದು ಬಂದರು. ಮತ್ತೆ ಬಂದ್ ಮಾಡಿದೆ. ಮತ್ತೆ ಎದ್ದಿತು.

ಸದ್ದು ಕೇಳಿ ನಮ್ಮ ಅಡುಗೆಯಮ್ಮ ಸೌಟಿನ ಸಮೇತ ಬಂದರು. ಸಿದ್ದಾಪುರದ ಕಡೆಯವರು, ಯಾವುದಕ್ಕೂ ಆಶ್ಚರ್ಯಪಡುವವರಲ್ಲ.

"ಎಂಗಳ ತ್ಯಾಗಲಿ ಊರಿನ ಅತ್ತಿಗೆ ಥೇಟ್ ಹಿಂಗೇಯ, ಅಮ್ಮಾ. 'ಬರ್ತೆ' ಹೇಳಿ ಗೇಟಿನವರೆಗೆ ಹೋಗ್ತು. ಕೊಡೆ ಮರೆತೆ ಹೇಳಿ ವಾಪಸ್ ಬರ್ತು. ಮತ್ತೊಂದು ಚಾ ಕುಡೀದೆ ಹೋಗ್ತಿಲ್ಲೆ."

"ಇದಕ್ಕೆ ಚಾ ಕುಡಿಸಲು ಬರುವುದಿಲ್ಲ" ಎಂದೆ ಗಂಭೀರವಾಗಿ.

"ಹಂಗಾರೆ ಹೋಗ್ತಿಲ್ಲೆ" ಎಂದು ತೀರ್ಪು ಕೊಟ್ಟು ಒಳಗೆ ಹೋದರು.

ಒಪ್ಪಂದ

ಸ್ಪೀಕರಿನ ತಂತಿ ಕಿತ್ತಿಟ್ಟೆ. ಧ್ವನಿಯೇನೋ ಆಫೀಸಿನೊಳಗೇ ಉಳಿಯಿತು, ಆದರೆ ಪರದೆಯ ಬೆಳಕು ಕಿಟಕಿಯಿಂದ ಅಂಗಳಕ್ಕೆ ಬೀಳುತ್ತಲೇ ಇತ್ತು. ಹುಡುಗಿಯರ ಕಣ್ಣಿಗೆ ಅಷ್ಟು ಸಾಕು.

ನಮ್ಮಲ್ಲಿ ಒಂದು ನಿಯಮವಿದೆ. ಊಟವಾದ ಮೇಲೆ ಎಲ್ಲರ ಮೊಬೈಲೂ ನನ್ನ ಬುಟ್ಟಿಗೆ ಬೀಳಬೇಕು. ಒಂದು ದಿನ ಬುಟ್ಟಿ ಹಿಡಿದು ಹೋದರೆ ಒಬ್ಬಳೂ ಕೈ ಮುಂದೆ ಮಾಡಲಿಲ್ಲ.

"ಮೊಬೈಲ್ ಬಂದ್ ಮಾಡಿ ಕೊಡು" ಎಂದೆ, ಮೊದಲ ಹಾಸಿಗೆಯವಳಿಗೆ.

"ಬಂದೇ ಆಗ್ತಾ ಇಲ್ಲ ಮೇಡಂ. ನಿಮ್ಮದರ ರೋಗ ಇದಕ್ಕೂ ಅಂಟಿದೆ."

ಎಲ್ಲರದ್ದಕ್ಕೂ ಅಂಟಿತ್ತು. ಆಗ ಕಿರವತ್ತಿಯ ಧಾಬಾದವರ ಮಗಳು ಎದ್ದು ನಿಂತಳು. ವಿನಯದಿಂದ ಕೈಕಟ್ಟಿಕೊಂಡೇ ತಂಟೆ ಮಾಡುವ ಹುಡುಗಿ. "ಒಂದ್ ಮಾತು ಹೇಳ್ಲೇನ್ರಿ ಮೇಡಂ? ನಿಮ್ದು ಬಂದ್ ಆದ ದಿನ ನಮ್ಮವೂ ಬಂದ್ ಆಗ್ತಾವ್ರಿ. ಶನಿವಾರದ ತನಕ ನೋಡೋಣ್ರಿ. ಆಗಲಿಲ್ಲಂದ್ರ ಬುಟ್ಟಿ ಅಡುಗಿಮನಿಗೆ ಕೊಟ್ಟುಬಿಡ್ರಿ, ಉಳ್ಳಾಗಡ್ಡಿ ಇಡಾಕ."

ನಾನು ಮಾತು ಕೊಟ್ಟೆ. ಕೊಟ್ಟ ಮಾತು ಹಿಂದಕ್ಕೆ ಪಡೆಯುವುದನ್ನು ಸಿಸ್ಟರುಗಳು ನನಗೆ ಕಲಿಸಲೇ ಇಲ್ಲ. ನಾನು ಮೆಟ್ಟಿಲಿಳಿಯುವ ಮೊದಲೇ ಮೇಲೆ ಯಾರೋ ಈರುಳ್ಳಿಯ ದರ ವಿಚಾರಿಸುತ್ತಿದ್ದರು.

ಬಸ್ಸಿನಲ್ಲಿ

ಶಿರಸಿಯಲ್ಲಿ ರಿಪೇರಿ ಅಂಗಡಿಗಳಿಗೇನೂ ಕೊರತೆಯಿಲ್ಲ. ಆದರೆ ಅಲ್ಲಿಗೆ ಹೋದರೆ 'ಮೇಟ್ರನ್ ಸೋತರು' ಎಂಬ ಸುದ್ದಿ ನನಗಿಂತ ಮೊದಲು ಹಾಸ್ಟೆಲು ಸೇರುತ್ತದೆ. ಆದ್ದರಿಂದ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿ ಯಲ್ಲಾಪುರದ ಬಸ್ಸು ಹತ್ತಿದೆ. ಹೊರಡುವ ಮುನ್ನ ಬಂದ್ ಮಾಡಿದ್ದೆ. ನನ್ನ ಕಡೆಯಿಂದ ಬಂದ್ ಮಾಡಿದ್ದೆ ಎನ್ನಬೇಕು.

ಮಂಚೀಕೇರಿ ಹತ್ತಿರ ಬಂದಿತ್ತು. ಬಸ್ಸಿನಲ್ಲಿ ಅರ್ಧ ಜನ ತೂಕಡಿಸುತ್ತಿದ್ದರು. ತೊಡೆಯ ಮೇಲಿನ ಚೀಲ ಬಿಸಿಯಾಗತೊಡಗಿತು. ನಾನು ಜಿಪ್ಪಿಗೆ ಕೈ ಹಾಕುವುದರೊಳಗೆ ಚೀಲ ಅಬ್ಬರಿಸಿತು: "ಏಳಿ! ಎಷ್ಟು ಸಲ ಹೇಳಬೇಕು? ಕೆಳಗಿಳಿದು ಬನ್ನಿ!"

ಮುಂದಿನ ಸೀಟಿನಲ್ಲಿ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ ಹಿರಿಯರು ಧಡಕ್ಕನೆ ಎದ್ದು, "ಇಳಿದೆ, ಇಳಿದೆ, ಬೈಯಬೇಡ ಮಾರಾಯ್ತಿ" ಎನ್ನುತ್ತಾ ಬಾಗಿಲಿಗೆ ಹೋಗಿ ಮಂಚೀಕೇರಿಯಲ್ಲಿ ಇಳಿದೇಬಿಟ್ಟರು. ಕಂಡಕ್ಟರ್ ಟಿಕೆಟ್ ಯಂತ್ರ ಹಿಡಿದು ನನ್ನ ಬಳಿ ಬಂದ.

"ಅಮ್ಮಾ, ಅವರಿಗೆ ಯಲ್ಲಾಪುರಕ್ಕೆ ಟಿಕೆಟ್ ಕೊಟ್ಟಿದ್ದೆ. ಇಳಿಸೋ ಕೆಲಸ ನನಗೂ ಸ್ವಲ್ಪ ಬಿಡಿ."

ಕಿಟಕಿಯಿಂದ ಕರೆದು ಹಿರಿಯರನ್ನು ವಾಪಸ್ ಹತ್ತಿಸಿದೆವು. ಉಳಿದ ದಾರಿಯುದ್ದಕ್ಕೂ ಅವರು ನಿದ್ದೆ ಮಾಡಲಿಲ್ಲ. ನನ್ನ ಚೀಲದ ಕಡೆಗೊಮ್ಮೆ, ನನ್ನ ಮುಖದ ಕಡೆಗೊಮ್ಮೆ ನೋಡುತ್ತಾ ನೆಟ್ಟಗೆ ಕುಳಿತಿದ್ದರು. ನನ್ನ ಹುಡುಗಿಯರೂ ಅಷ್ಟು ನೆಟ್ಟಗೆ ಕುಳಿತವರಲ್ಲ.

ಆಶೀರ್ವಾದ

ಯಲ್ಲಾಪುರದ ಅಂಗಡಿಯ ಸಾಹೇಬರು ಲ್ಯಾಪ್‌ಟಾಪನ್ನು ಬೋರಲು ಹಾಕಿ ಮೆಲ್ಲಗೆ ತಟ್ಟಿದರು. ಮೇಜಿನ ಮೇಲೆ ಏನೋ ಉದುರಿತು.

"ಅರೆ, ಮೇಡಂ, ಇದ್ರ ಮೇಲೆ ಊಟ ಮಾಡ್ತೀರಾ?"

"ನಾನು ಆ ಮೇಜಿನ ಮೇಲೆ ನೀರಿನ ಲೋಟವನ್ನೂ ಇಡಗೊಡುವವಳಲ್ಲ!"

"ಹಾಗಾದ್ರೆ ಅಕ್ಕಿ ಎಲ್ಲಿಂದ ಬಂತು? ಅದೂ ಕುಂಕುಮ ಹಚ್ಚಿದ್ದು. ಆನ್ ಮಾಡೋ ಬಟನ್ ಕೆಳಗೇ ಸಿಕ್ಕಿಕೊಂಡಿದೆ. ಬಟನ್ ಒತ್ತಿದ ಹಾಗೇ ಇದೆ. ನೀವು ಮಲಗಿಸ್ತೀರಿ, ಅದು ಎಬ್ಬಿಸ್ತದೆ." ಅವರು ನಗು ತಡೆದುಕೊಂಡು ಬಟನ್ ಬಿಚ್ಚಿದರು. "ಮಷೀನಿಗೆ ಏನೂ ಆಗಿಲ್ಲ, ಮೇಡಂ. ಯಾರೋ ಆಶೀರ್ವಾದ ಮಾಡಿದಾರೆ. ಸ್ವಲ್ಪ ಜಾಸ್ತಿನೇ ಮಾಡಿದಾರೆ."

ಆಯುಧಪೂಜೆಯ ದಿನ ಮುಚ್ಚಳದ ಮೇಲೆ ಒಂದು ಬೊಟ್ಟು ಕುಂಕುಮಕ್ಕೆ ನಾನೇ ಒಪ್ಪಿಗೆ ಕೊಟ್ಟಿದ್ದು ಹೌದು. ಆದರೆ ಉದುರಿದ್ದು ಒಂದು ದಿನದ ಅಕ್ಷತೆಯಾಗಿರಲಿಲ್ಲ. ವಾಪಸ್ ಬಂದವಳೇ ಅಡುಗೆಯಮ್ಮನನ್ನು ಕರೆದು ಕೇಳಿದೆ.

"ಹಬ್ಬದ ದಿನ ಬಿದ್ದ ಅಕ್ಷತೆಯಿಂದಲೇ ಅದು ಕೆಟ್ಟಿಕ್ಕೇನೋ, ಅಮ್ಮಾ. ಆಮೇಲೆ ದಿನಾ ಸಂಜೆ ನೀವು ಹೂಗಿಡಕ್ಕೆ ನೀರು ಹಾಕುವಾಗ ಹುಡ್ಗೀರು ಬಂದು ಅದಕ್ಕೆ ಪೂಜೆ ಮಾಡ್ತಿದ್ದ. ಈಗಿನ ಹುಡ್ಗೀರಿಗೆ ಇಷ್ಟು ಭಕ್ತಿ ಎಲ್ಲಿದ್ದು ಹೇಳಿ ಆನೇ ಕೈಯಾರೆ ಅಕ್ಷತೆ ಕಲಸಿಕೊಟ್ಟಿದ್ದೆ."

"ಏನೆಂದು ಬೇಡಿಕೊಳ್ಳುತ್ತಿದ್ದರು?"

"'ಇವತ್ತೂ ಬಂದ್ ಆಗದಿದ್ದಂಗೆ ನೋಡ್ಕೋ ತಾಯಿ' ಹೇಳಿ." ಸೆರಗಿನಿಂದ ಮುಖ ಒರೆಸಿಕೊಂಡು ಸೇರಿಸಿದರು, "ತಾಯಿ ನಡೆಸಿಕೊಟ್ಟಿದ್ದಂತೂ ಹೌದು."

ಬುಟ್ಟಿ ತುಂಬಿದಾಗ

ಶನಿವಾರ ಊಟವಾದ ಮೇಲೆ ಎಲ್ಲರನ್ನೂ ಆಫೀಸಿನ ಮುಂದೆ ನಿಲ್ಲಿಸಿದೆ. ಅಕ್ಷತೆಯ ಮಾತನ್ನು ಬೇಕೆಂದೇ ಎತ್ತಲಿಲ್ಲ. ಲ್ಯಾಪ್‌ಟಾಪ್ ಬಂದ್ ಮಾಡಿ ಕೈಕಟ್ಟಿ ನಿಂತೆ. ಪರದೆ ಕಪ್ಪಾಯಿತು. ಹುಡುಗಿಯರು ಕಾದರು. ಕಿರವತ್ತಿಯವಳ ತುಟಿ ಸದ್ದಿಲ್ಲದೆ ಅಲುಗಾಡುತ್ತಿತ್ತು, ತಾಯಿಗೆ ಕೊನೆಯ ಅರ್ಜಿ ಹೋಗುತ್ತಿತ್ತೇನೋ. ಪರದೆ ಕಪ್ಪಾಗಿಯೇ ಉಳಿಯಿತು.

"ಬುಟ್ಟಿ" ಎಂದೆ. ಅಷ್ಟೇ.

ಮೊಬೈಲುಗಳು ಒಂದೊಂದಾಗಿ ಬಿದ್ದವು. ಸುಗ್ಗಿಯ ಬೆಳೆ ಬಂದಂತೆ ಬುಟ್ಟಿ ತುಂಬಿತು. ತಲೆಯೆತ್ತಿ ಅದನ್ನು ಸೊಂಟಕ್ಕಿಟ್ಟುಕೊಂಡು ಹೊರಟೆ. ಆಗ ಬುಟ್ಟಿಯೊಳಗಿಂದ ಯಾರೋ ಕೂಗಿದರು:

"ಏಳಿ! ಎಷ್ಟು ಸಲ ಹೇಳಬೇಕು? ಕೆಳಗಿಳಿದು ಬನ್ನಿ!"

ಲ್ಯಾಪ್‌ಟಾಪಿನ ಕಡೆ ತಿರುಗಿದೆ. ಅದು ನಿರಪರಾಧಿ. ಗೆದ್ದ ಖುಷಿಯಲ್ಲಿ ಮೊಬೈಲ್ ಬಂದ್ ಮಾಡಿಸುವುದನ್ನೇ ಮರೆತಿದ್ದೆ; ಒಬ್ಬಳದ್ದು ರಿಂಗಾಗುತ್ತಿತ್ತು. ಅಷ್ಟರಲ್ಲಿ ಇನ್ನೊಂದು, ಅದರ ಹಿಂದೆ ಮತ್ತೊಂದು. ಬುಟ್ಟಿ ಖಾಲಿಯಿದ್ದ ದಿನಗಳಲ್ಲಿ ಮನೆಯವರಿಗೆಲ್ಲ ಊಟದ ಮೇಲೆ ಫೋನ್ ಮಾಡಿ ರೂಢಿಯಾಗಿತ್ತು. ಎಲ್ಲರ ಮೊಬೈಲಿನಲ್ಲೂ ರಿಂಗ್‌ಟೋನು ನಾನೇ. ಲ್ಯಾಪ್‌ಟಾಪಿಗೆ ಪಾಸ್‌ವರ್ಡ್ ಬೇಡ ಎಂದವಳೂ ನಾನೇ. ಬುಟ್ಟಿಯೊಳಗೆ ಒಂದು ಡಜನ್ ಮೇಟ್ರನ್ನುಗಳು ಒಬ್ಬರ ಮೇಲೊಬ್ಬರು ಬಿದ್ದು ಗದರುತ್ತಿದ್ದರು.

"ಎತ್ರಿ ಮೇಡಂ. ನಿಮ್ಮ ಧ್ವನಿ, ನೀವೇ ಎತ್ತಬೇಕು" ಎಂದಳು ಕಿರವತ್ತಿಯವಳು, ಕೈಕಟ್ಟಿಕೊಂಡು.

ಕೈಗೆ ಸಿಕ್ಕಿದ್ದನ್ನು ಎತ್ತಿ ಕಿವಿಗಿಟ್ಟೆ. ಅದು ಅವಳದ್ದೇ ಆಗಿತ್ತು. ನಾನು ಹಲೋ ಎನ್ನುವ ಮೊದಲೇ ಆ ಕಡೆಯಿಂದ ಅವಳ ತಾಯಿ ಪಿಸುಗುಟ್ಟಿದರು:

"ಏನವಾ, ಮಲಗಿತೇನು ನಿಮ್ಮ ಮೇಟ್ರನ್ನು?"

ನಾನು ಗಂಟಲು ಸರಿಪಡಿಸಿಕೊಂಡು, ಕಾನ್ವೆಂಟಿನಲ್ಲಿ ಕಲಿತ ಪೂರ್ತಿ ಸೌಜನ್ಯದಿಂದ ಉತ್ತರಿಸಿದೆ:

"ಇಲ್ಲಮ್ಮಾ. ಅದು ಇನ್ನೂ ಬಂದ್ ಆಗಿಲ್ಲ."