ಎಡಕ್ಕೆ ಎಳೆಯುವ ಕಾರು

ಹರಿಹರದ ರೇಡಿಯೊ ರಿಪೇರಿ ಅಂಗಡಿಯಲ್ಲಿ ನಗೆಪಾಟಲಾಗಲು ಯಾರೂ ಕಷ್ಟಪಡಬೇಕಿರಲಿಲ್ಲ; ವಾರಕ್ಕೊಂದು ಪ್ರಸಂಗ ತಾನಾಗಿಯೇ ನಡೆಯುತ್ತಿತ್ತು. ಈ ಕಾರು ಬಂದ ವಾರ ಮೂರು ನಡೆದವು.

೧

ಬಿಎಸ್ಸಿ ಮುಗಿಸಿ ಕೆಲಸ ಕೇಳಲು ಹೋಗಿದ್ದೆ. ಅಂಗಡಿಯ ಮಾಲೀಕ ಭಾಯ್ ಒಂದು ಆಟದ ಕಾರು ಮುಂದಿಟ್ಟರು. ದಾವಣಗೆರೆಯ ಅಕ್ಕಿ ಸಾವ್ಕಾರ್ರಿಗೆ ಅವರ ಭಾವಮೈದ ದುಬೈಯಿಂದ ತಂದದ್ದು. ರಿಮೋಟ್ ಹಿಡಿದು ಓಡಿಸುವಂಥದ್ದು. ನೇರ ಬಿಟ್ಟರೂ ಎಡಕ್ಕೇ ಎಳೆಯುತ್ತಿತ್ತು.

"ಇದನ್ನ ನೇರ ಓಡ್ಸು. ಸಾವ್ಕಾರ್ರು ಒಪ್ಪಿದ್ರೆ ಕೆಲಸ ನಿಂದು," ಎಂದರು.

ಕಾರಿನ ಹೊಟ್ಟೆಯಡಿ ಮುಂದಿನ ಗಾಲಿ ತಿರುಗಿಸುವ ಸಣ್ಣ ಕಡ್ಡಿಯಿತ್ತು. ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದೆ. ಕಡ್ಡಿಯನ್ನು ಕೂದಲೆಳೆಯಷ್ಟು ಸರಿಸುವುದು, ಓಡಿಸುವುದು, ಬರೆದುಕೊಳ್ಳುವುದು. ಮೂರನೇ ದಿನ ಕಾರು ಗೆರೆ ಬಿಡದೆ ಓಡಿತು. ಅದೇ ಗೆರೆಯ ಮೇಲೆ ಎದುರು ದಿಕ್ಕಿಗೆ ತಿರುಗಿಸಿ ಬಿಟ್ಟೆ, ಮೇಜಿನಡಿ ಹೋಯಿತು. ನೆಲವೇ ಚರಂಡಿಯ ಕಡೆಗೆ ವಾಟವಾಗಿ ಇಳಿದಿತ್ತು.

ಭಾಯ್ ಹೇಳಿದರು: "ಕೇಳಿದ್ರೆ ನಾನೇ ಹೇಳ್ತಿದ್ನಲ್ಲಪ್ಪ. ದಿನಾ ನೆಲ ತೊಳೆಯೋನು ನಾನು."

೨

ಭಾಯ್ ಜೊತೆ ದಾವಣಗೆರೆಗೆ ಹೋಗಿ ಸಾವ್ಕಾರ್ರ ಗೋದಾಮಿನ ಸಮ ನೆಲದ ಮೇಲೆ ಮತ್ತೆ ಹೊಂದಿಸಿದೆ. ಕಾರು ನೇರ ಹೋಯಿತು. ಸಾವ್ಕಾರ್ರು ರಿಮೋಟ್ ತೆಗೆದುಕೊಂಡರು. ಕಾರು ಅವರತ್ತ ಬರುವಾಗ ಬಲಕ್ಕೆ ಒತ್ತಿದರು. ಅದು ಅವರ ಎಡಕ್ಕೆ ತಿರುಗಿತು.

"ಅದು ಕಾರಿನ ಬಲ, ಸಾವ್ಕಾರ್ರೆ," ಎಂದೆ.

"ಕಾರು ಯಾರದು ತಮ್ಮಾ? ಬಲ ಯಾವುದು ಅಂತ ನಾನು ಹೇಳ್ಬೇಕು, ಅದಲ್ಲ."

ಕೊನೆಗೆ ತಮ್ಮ ಬಲ, ಕಾರಿನ ಬಲ ಒಂದೇ ಆಗಲೆಂದು ಕಾರಿಗೆ ಬೆನ್ನು ಮಾಡಿ ನಿಂತು ಓಡಿಸಿದರು. ಅದು ಬಂದು ಹಿಮ್ಮಡಿಗೆ ಗುದ್ದಿತು.

"ನೋಡು," ಎಂದರು ಕಾಲು ಉಜ್ಜಿಕೊಳ್ಳುತ್ತ, "ಸೀದಾ ನನ್ ಹತ್ರನೇ ಬಂತು."

೩

ಇನ್ನು ಮನೆಯೊಳಗೆ ತರುವುದಿತ್ತು. ಹೊಸ ಗಾಡಿ ಎಂದು ಸಾವ್ಕಾರ್ರ ತಾಯಿ ಅದಕ್ಕೆ ವಿಭೂತಿ ಬಳಿದು, ಆರತಿ ಹಿಡಿದು ನಿಂತಿದ್ದರು. ಹೊಸ್ತಿಲಿಗೆ ಹಲಗೆ ಇಳಿಜಾರಾಗಿ ಇಟ್ಟೆವು. ಭಾಯ್ ಸಾವ್ಕಾರ್ರ ಮುಖ ನೋಡುತ್ತಿದ್ದರು, ನಾನು ಭಾಯ್ ಮುಖ. ಕಾರು ಗೆರೆ ಹೊಡೆದಂತೆ ನೇರ ಒಳಬಂತು.

"ನಿಲ್ರಿ," ಎಂದರು ಅಜ್ಜಿ. "ಬಲಗಾಲು ಮೊದಲು ಬರ್ಲಿಲ್ಲ."

"ಎರಡೂ ಒಟ್ಟಿಗೆ ಬಂದ್ವಲ್ಲವ್ವ," ಎಂದರು ಸಾವ್ಕಾರ್ರು.

"ಎರಡೂ ಕಾಲು ಒಟ್ಟಿಗೆ ಇಟ್ಟು ಯಾರು ಬರ್ತಾರಲೇ? ಅದೇನು ಕಪ್ಪೆ ಏನು?"

ಸಾವ್ಕಾರ್ರು ನನ್ನನ್ನು ನೋಡಿದರು. ನಾನು ಲೆಕ್ಕ ಹಾಕಿದೆ. ಕಾರು ಎಡಕ್ಕೆ ವಾಲುತ್ತ ಬಂದರೆ ಬಲಗಾಲಿ ಮುಂದಾಗುತ್ತದೆ. ಕಾರನ್ನು ಹೊರಗೊಯ್ದು, ಕಡ್ಡಿಯನ್ನು ರಿಪೇರಿಗೆ ಬಂದಾಗ ಇದ್ದ ಜಾಗಕ್ಕೇ ತಳ್ಳಿ ಮತ್ತೆ ಬಿಟ್ಟೆ. ಬಲಗಾಲಿ ಮೊದಲು ಹೊಸ್ತಿಲು ದಾಟಿತು. ಕಾರು ಎಡಗಡೆಯ ಗೋಡೆಗೆ ಒರಗಿ ನಿಂತಿತು.

ಅಜ್ಜಿ ಆರತಿ ಎತ್ತಿದರು. "ಈಗ ಸರಿಯಾತು. ಇನ್ನು ಇದನ್ನ ಯಾರೂ ಮುಟ್ಟಬ್ಯಾಡ್ರಿ."

"ಹುಡುಗ ಬೆರಕಿ ಅದಾನ, ತಲೆ ಓಡಿಸ್ತಾನ," ಎಂದು ಸಾವ್ಕಾರ್ರೂ ಒಪ್ಪಿದರು.

ವಾಪಸ್ ಬಸ್ಸಿನಲ್ಲಿ ಭಾಯ್ ಹೇಳಿದರು: "ಬಂದಾಗ ಹೆಂಗಿತ್ತೋ ಹಂಗೇ ವಾಪಸ್ ಕೊಟ್ಟು ಶಹಬ್ಬಾಸ್ ಅನ್ನಿಸ್ಕೊಂಡೆ. ನಾಳೆಯಿಂದ ಕೆಲಸಕ್ಕೆ ಬಾ. ರಿಪೇರಿಯಲ್ಲಿ ಇಷ್ಟು ಕಲಿಯೋಕೆ ನಂಗೆ ಇಪ್ಪತ್ತು ವರ್ಷ ಹಿಡೀತು."