ಸುರಕ್ಷಾ ಅಧಿಕಾರಿಯ ಸೂಪು

"ನಾಳೆಯಿಂದ ಈ ಮನೆಯಲ್ಲಿ ರಾತ್ರಿ ಅಡುಗೆ ನನ್ನದು!"

ಎಚ್ಚರಿಕೆ ಸಾಹೇಬರು ಊಟದ ಮೇಜು ಗುದ್ದಿ ಹೀಗೆ ಘೋಷಿಸಿದಾಗ ಹೆಂಡತಿ ಚಮಚ ಕೆಳಗಿಟ್ಟಳು. ಮಗಳು ಮೊಬೈಲು ಕೆಳಗಿಟ್ಟಳು. ತಾಯಿ ಮಾತ್ರ ಕಿವಿಯ ಯಂತ್ರ ಸರಿಪಡಿಸಿಕೊಂಡು, "ಇನ್ನೊಂದ್ಸಲ ಹೇಳೋ, ಇದು ಕೆಟ್ಟಿರಬೇಕು" ಎಂದರು.

ಸಾಹೇಬರು ಕಾರ್ಖಾನೆಯೊಂದರ ಸುರಕ್ಷಾ ಅಧಿಕಾರಿ. 'ಎಚ್ಚರಿಕೆ' ಎಂಬುದು ಕೆಲಸಗಾರರು ಬೆನ್ನ ಹಿಂದೆ ಇಟ್ಟ ಹೆಸರು. ಅದು ಹೇಗೋ ಮನೆಯವರೆಗೂ ನಡೆದು ಬಂದಿತ್ತು. ಬರದೆ ಏನು? ಈ ಮನೆಯಲ್ಲಿ ಮೆಟ್ಟಿಲಿಗೆ ಹಳದಿ ಪಟ್ಟಿ ಉಂಟು, ಬಚ್ಚಲಿಗೆ ಸೂಚನಾ ಫಲಕ ಉಂಟು, ವರ್ಷಕ್ಕೊಮ್ಮೆ ಬೆಂಕಿಯ ಕವಾಯತೂ ಉಂಟು. ಇಲ್ಲದ್ದೆಂದರೆ ಬೆಂಕಿ ಒಂದೇ.

ಘೋಷಣೆಗೆ ಕಾರಣವಿತ್ತು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಸಂಜೆ ಪಾಳಿಗೆ ಹೆಡ್ ನರ್ಸ್ ಆಗುತ್ತೀರಾ ಎಂದು ಅವಳನ್ನು ಕೇಳಿದ್ದರು. ವರ್ಷಗಟ್ಟಲೆ ಕಾದ ಹುದ್ದೆ. ಮರುದಿನ ಸಂಜೆಯೊಳಗೆ ಉತ್ತರ ಹೇಳಬೇಕು. ಅಡ್ಡ ನಿಂತದ್ದು ಒಂದೇ ಪ್ರಶ್ನೆ. ಹಲ್ಲು ಕಟಕಟ ಎನ್ನುವ ಈ ಚಳಿಯಲ್ಲಿ ಮನೆಗೆ ಬರುವವರ ಹೊಟ್ಟೆಗೆ ಬಿಸಿಬಿಸಿಯಾಗಿ ಹಾಕುವವರು ಯಾರು? ತಾಯಿಯ ಮಂಡಿ ಒಲೆಯ ಮುಂದೆ ನಿಲ್ಲುವುದಿಲ್ಲ. ಮಗಳಿಗೆ ಪರೀಕ್ಷೆ. ಉಳಿದವರು ಸಾಹೇಬರು, ಅವರನ್ನು ಆವರೆಗೆ ಯಾರೂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಆ ಅವಮಾನಕ್ಕೆ ಉತ್ತರವಾಗಿ ಅವರು ರಟ್ಟಿನ ಪೆಟ್ಟಿಗೆಯಿಂದ ಒಂದು ಯಂತ್ರ ಹೊರತೆಗೆದರು. ಹೊರಗೆ ಲೋಹದ ಕವಚ, ಒಳಗೆ ದಪ್ಪ ಪಿಂಗಾಣಿ ಪಾತ್ರೆ, ಮೇಲೆ ಗಾಜಿನ ಮುಚ್ಚಳ.

"ಸ್ಲೋ ಕುಕ್ಕರ್! ಬೆಳಗ್ಗೆ ತರಕಾರಿ ಹಾಕು, ಸ್ವಿಚ್ ಒತ್ತು, ಮರೆತುಬಿಡು. ಸಂಜೆ ಬಂದರೆ ಸೂಪು ಸಿದ್ಧ!"

"ಮರೆಯೋದು ನಿಮಗೆ ಚೆನ್ನಾಗಿ ಬರುತ್ತೆ ಬಿಡಿ," ಎಂದಳು ಹೆಂಡತಿ.

"ಇದಕ್ಕೆ ಅಡುಗೆಯ ಬುದ್ಧಿ ಏನೇನೂ ಬೇಕಾಗಿಲ್ಲ."

"ಹಾಗಾದ್ರೆ ನಿನಗೆ ಸರಿಹೋಗುತ್ತೆ ಕಣೋ," ಎಂದರು ತಾಯಿ.

ಮರುದಿನ ಬೆಳಗ್ಗೆ ಸಾಹೇಬರು ಕಾರ್ಖಾನೆಯ ಕೈಗವಸು ತೊಟ್ಟು, ಈರುಳ್ಳಿಗೆಂದು ಕಣ್ಣಿಗೆ ರಕ್ಷಾ ಕನ್ನಡಕ ಏರಿಸಿ ಅಡುಗೆಮನೆ ಹೊಕ್ಕರು. ಕ್ಯಾರೆಟ್ಟಿನ ತುಂಡುಗಳು ಒಂದೇ ಅಳತೆಗೆ ಬಂದಿವೆಯೋ ಎಂದು ಪಟ್ಟಿ ಹಿಡಿದು ನೋಡಿದರು. ಆಲೂಗಡ್ಡೆ, ಕೋಸು, ಬಾರ್ಲಿ, ನೀರು, ಉಪ್ಪು. ಯಂತ್ರದ ಕೆಂಪು ದೀಪ ಹೊತ್ತಿತು. ಸಿಪ್ಪೆಯ ರಾಶಿಯನ್ನು ಬಳಿದು ಹಾಕಿದವಳು ಹೆಂಡತಿ. ಅದನ್ನು ಯಾವ ಯಂತ್ರದ ಕೈಪಿಡಿಯೂ ಹೇಳುವುದಿಲ್ಲ.

ಕೊನೆಗೆ ಮುಚ್ಚಳದ ಮೇಲೊಂದು ಚೀಟಿ ಅಂಟಿತು: 'ಮುಚ್ಚಳ ತೆಗೆಯಬಾರದು. ಅಪ್ಪಣೆ, ಸುರಕ್ಷಾ ವಿಭಾಗ.'

ಹೆಂಡತಿ ಆಸ್ಪತ್ರೆಗೆ ಹೋದಳು. ಮಗಳು ಕಾಲೇಜಿಗೆ ಹೋದಳು. ತಾಯಿ ಹಿರಿಯರ ಕ್ಲಬ್ಬಿಗೆ ಹೊರಟರು. ಅಲ್ಲಿ ಹೀಟರೂ ಇತ್ತು, ಜಗಳಕ್ಕೆ ಜನರೂ ಇದ್ದರು. ಕೊನೆಗೆ ಉಳಿದವರು ಸಾಹೇಬರು. ಕೊನೆಗೆ ಮನೆ ಬಿಟ್ಟವರು ಮೇನ್ ಸ್ವಿಚ್ ಆರಿಸಬೇಕೆಂಬುದು ಅವರೇ ಮಾಡಿದ ಶಾಸನ. ಫ್ರಿಜ್ಜಿಗೊಂದು ಬೇರೆ ತಂತಿ ಎಳೆಸಿ, ಉಳಿದ ಇಡೀ ಮನೆಯ ಜೀವವನ್ನು ಬಾಗಿಲ ಪಕ್ಕದ ಒಂದೇ ಸ್ವಿಚ್ಚಿಗೆ ಗಂಟು ಹಾಕಿದ್ದರು. ಹತ್ತಾರು ವರ್ಷಗಳ ಅಭ್ಯಾಸ! ತಲೆ ಸೂಪಿನಲ್ಲಿ ತೇಲುತ್ತಿತ್ತು. ಕೈ ತನ್ನ ಪಾಡಿಗೆ ಟಪ್ಪೆಂದು ಸ್ವಿಚ್ ಆರಿಸಿತು. ಸಾಹೇಬರು ಬೀಗ ಜಗ್ಗಿ ನೋಡಿ, ಸಿಳ್ಳೆ ಹಾಕುತ್ತಾ ಹೊರಟರು.

ಆ ದಿನ ಕಾರ್ಖಾನೆಯಲ್ಲಿ ಸೂಪಿನ ಸುದ್ದಿ ಕೇಳದ ಕಿವಿ ಉಳಿಯಲಿಲ್ಲ.

"ಈ ಹೊತ್ತಿನಲ್ಲಿ ನನ್ನ ಸೂಪು ತನ್ನಷ್ಟಕ್ಕೆ ಕುದೀತಾ ಇದೆ ಕಣಯ್ಯಾ," ಎಂದರು ಸಾಹೇಬರು, ಲೆಕ್ಕಪತ್ರ ವಿಭಾಗದ ಗೆಳೆಯನಿಗೆ.

"ಯಾರೂ ಇಲ್ಲದ ಕಡೆ ಕರೆಂಟ್ ಸಾಮಾನು ಓಡಬಾರದು ಅಂತ ಮೊನ್ನೆ ತಾನೆ ಭಾಷಣ ಮಾಡಿದೆಯಲ್ಲೋ?"

"ಅದು ನಿಮ್ಮಂಥವರಿಗೆ."

ಸಂಜೆ ಮೊದಲು ಮನೆಗೆ ಬಂದವಳು ಮಗಳು. ದಿನದಂತೆ ಮೇನ್ ಸ್ವಿಚ್ ಹಾಕಿದಳು. ಮನೆಯ ದೀಪಗಳೊಂದಿಗೆ ಕುಕ್ಕರಿನ ಕೆಂಪು ದೀಪವೂ ಮುಗ್ಧವಾಗಿ ಹೊತ್ತಿಕೊಂಡಿತು. ಹಿಂದೆಯೇ ಬಂದ ಸಾಹೇಬರು ಆ ದೀಪ ನೋಡಿ ಮೀಸೆ ತೀಡಿದರು.

"ಅಪ್ಪಾ, ಘಮ ಅನ್ನೋದೇ ಇಲ್ವಲ್ಲ?"

"ಘಮ ಹೊರಗೆ ಬಂತು ಅಂದರೆ ರುಚಿ ಸೋರಿತು ಅಂತ ಅರ್ಥ. ಇದು ಸೋರಿಕೆಯೇ ಇಲ್ಲದ ವ್ಯವಸ್ಥೆ!"

ತಾಯಿ ಬಂದು ಕಂಬಳಿ ಹೊದ್ದು ಕೂತರು. ಹೆಂಡತಿ ಚಳಿಗೆ ಕೆಂಪಾದ ಮೂಗು, ಖಾಲಿ ಹೊಟ್ಟೆ ಹೊತ್ತು ಬಂದಳು. "ಇನ್ನೇನು ಫೋನ್ ಬರುತ್ತೆ. ಆಗಲಿ ಅಂತ ಹೇಳಿಬಿಡ್ಲಾ?" ಎಂದು ಕೇಳಿದಾಗ ಅವಳ ದನಿಯಲ್ಲಿ ಆಸೆ ಇತ್ತು.

"ಮೊದಲು ಸೂಪು ಕುಡಿ. ಆಮೇಲೆ ಕೇಳುವ ಪ್ರಮೇಯವೇ ಬರೋದಿಲ್ಲ," ಎಂದು ಸಾಹೇಬರು ಪರದೆ ಸರಿಸುವ ಮಂತ್ರಿಯಂತೆ ಮುಚ್ಚಳ ಎತ್ತಿದರು.

ಒಳಗೆ ತಿಳಿನೀರು. ಪಟ್ಟಿ ಹಿಡಿದು ಕತ್ತರಿಸಿದ ಕ್ಯಾರೆಟ್ಟುಗಳು ಈಜುತ್ತಿದ್ದವು. ಬಾರ್ಲಿ ತಳದಲ್ಲಿ ಜಲ್ಲಿಯಂತೆ ಕೂತಿತ್ತು. ತಾಯಿ ಒಂದು ಆಲೂಗಡ್ಡೆ ಕಚ್ಚಿ, ಹಲ್ಲಿನ ಸೆಟ್ಟು ಸರಿಯಾಗಿದೆಯೋ ಎಂದು ಮುಟ್ಟಿ ನೋಡಿಕೊಂಡರು.

"ತರಕಾರಿಗೆ ಉಗುರುಬೆಚ್ಚಗೆ ಸ್ನಾನ ಮಾಡಿಸಿದ್ದೀಯ. ಒಳ್ಳೇದು. ಅಡುಗೆ ಯಾವಾಗ ಮಾಡ್ತೀಯೋ?"

ಸಾಹೇಬರ ಮುಖ ಸುಟ್ಟ ಬದನೆಕಾಯಿಯಾಯಿತು. ಆ ಮನೆಯಲ್ಲಿ ಆ ದಿನ ಸುಟ್ಟದ್ದು ಅದೊಂದೇ. "ಒಂದು ನಿಮಿಷ!" ಎಂದವರೇ ಪಿಂಗಾಣಿ ಪಾತ್ರೆಯನ್ನು ಎತ್ತಿ ಗ್ಯಾಸಿನ ಒಲೆಯ ಮೇಲಿಟ್ಟು ಉರಿ ದೊಡ್ಡದು ಮಾಡಿದರು.

"ರೀ, ಅದು ಪಿಂಗಾಣಿ ಕಣ್ರೀ!"

"ನನಗೇ ಸುರಕ್ಷತೆಯ ಪಾಠವೇ?"

ಉತ್ತರ ಕೊಟ್ಟದ್ದು ಪಾತ್ರೆ. ಠಪ್! ಎರಡು ಹೋಳು! ಸೂಪು ಒಲೆಯ ಮೇಲೆ ಸುರಿದು, ಉರಿ ನಂದಿಸಿ, ನೆಲಕ್ಕಿಳಿದು, ಬಾಗಿಲವರೆಗೆ ಮೆರವಣಿಗೆ ಹೊರಟಿತು. ಗ್ಯಾಸಿನ ವಾಸನೆ ಹಬ್ಬಿತು.

"ಎಲ್ಲರೂ ಹೊರಗೆ! ಓಡಬೇಡಿ! ಬೇಗ!" ಎಂದು ಕೂಗುತ್ತಾ ಸಾಹೇಬರು ಎಲ್ಲರಿಗಿಂತ ಮೊದಲು ಓಡಿದರು. ಮಗಳು ಅಜ್ಜಿಯ ಕೈ ಹಿಡಿದು ಹಿಂಬಾಲಿಸಿದಳು. ಹೆಂಡತಿ ಮಾತ್ರ ಗ್ಯಾಸಿನ ಗುಬುಟು ತಿರುಗಿಸಿ, ಕಿಟಕಿ ತೆರೆದು, ನಡೆದುಕೊಂಡೇ ಬಂದಳು.

ಕವಾಯತಿನ ಪ್ರಕಾರ ಗೇಟಿನ ಬಳಿ ಸಾಲಾಗಿ ನಿಂತದ್ದಾಯಿತು. ಕೊರೆಯುವ ಗಾಳಿ. ಎದುರುಮನೆಯ ಕಿಟಕಿಯಲ್ಲಿ ತಲೆಗಳು. ಗ್ಯಾಸು ಹೊರಹೋಗುವವರೆಗೆ ಕಾಯಬೇಕಿತ್ತು. ಆ ಬಿಡುವಿನಲ್ಲಿ ಸಾಹೇಬರು ಅಪಘಾತದ ತನಿಖೆ ಆರಂಭಿಸಿಯೇಬಿಟ್ಟರು.

"ಯಂತ್ರದಲ್ಲಿ ದೋಷವಿಲ್ಲ. ಮನುಷ್ಯರದ್ದೇ ತಪ್ಪು. ಯಾರು ಮುಟ್ಟಿದ್ದು ಹೇಳಿ!"

"ನಾನು ಬಂದಾಗ ಮೇನ್ ಆಫ್ ಆಗಿತ್ತಪ್ಪ. ದಿನಾ ಹಾಕೋ ಹಾಗೆ ಹಾಕಿದೆ," ಎಂದಳು ಮಗಳು.

"ಆಫ್ ಆಗಿತ್ತೇ? ಅಂದರೆ ದಿನವಿಡೀ ಕರೆಂಟೇ ಇರಲಿಲ್ಲ! ಎಂಥ ಬೇಜವಾಬ್ದಾರಿ! ಬೆಳಗ್ಗೆ ಕೊನೆಗೆ ಮನೆ ಬಿಟ್ಟವರು..."

ವಾಕ್ಯ ಅಲ್ಲೇ ಹೆಪ್ಪುಗಟ್ಟಿತು. ಮೂರು ಜೊತೆ ಕಣ್ಣುಗಳು ಅವರ ಮೇಲೆ ನೆಟ್ಟಿದ್ದವು. ಸಾಹೇಬರು ಗಂಟಲು ಸರಿಪಡಿಸಿಕೊಂಡರು.

"...ನಿಯಮವನ್ನು ಸರಿಯಾಗಿ ಪಾಲಿಸಿದ್ದಾರೆ."

ಅದೇ ಹೊತ್ತಿಗೆ ಹೆಂಡತಿಯ ಫೋನು ಬಡಿದುಕೊಂಡಿತು. ಅವಳು ಗಂಡನನ್ನೊಮ್ಮೆ ನೋಡಿದಳು, ತೆರೆದ ಬಾಗಿಲಿನೊಳಗೆ ಹರಿಯುತ್ತಿದ್ದ ಸೂಪನ್ನೊಮ್ಮೆ ನೋಡಿದಳು.

"ಹೂಂ ಮೇಡಂ, ಒಪ್ಪಿಗೆ. ಮುಂದಿನ ತಿಂಗಳು ಯಾಕೆ? ನಾಳೆಯಿಂದಲೇ ಬರ್ತೀನಿ."

ಸಾಹೇಬರ ಎದೆ ತುಂಬಿಬಂತು. "ಇಷ್ಟೆಲ್ಲ ಆದ ಮೇಲೂ ನನ್ನ ಮೇಲೆ ಇಷ್ಟು ನಂಬಿಕೆಯೇ?"

"ನಂಬಿಕೆಯೂ ಇಲ್ಲ, ಮಣ್ಣೂ ಇಲ್ಲ. ಸಂಜೆ ಪಾಳಿಯವರಿಗೆ ಆಸ್ಪತ್ರೆಯಲ್ಲೇ ಬಿಸಿ ಊಟ ಕೊಡ್ತಾರೆ ಕಣ್ರೀ."

ತಾಯಿ ಕಂಬಳಿ ಬಿಗಿಯಾಗಿ ಎಳೆದುಕೊಂಡು ಸೊಸೆಯ ಪಕ್ಕಕ್ಕೆ ಸರಿದರು. "ಅಲ್ಲಿ ಮತ್ತೆ ಯಾರಿಗೆಲ್ಲ ಊಟ ಕೊಡ್ತಾರಮ್ಮ?"

"ಹಾಸಿಗೆ ಹಿಡಿದ ರೋಗಿಗಳಿಗೆ ಅಷ್ಟೇ ಅತ್ತೆ."

"ಹಾಗಾದ್ರೆ ಚಿಂತೆ ಇಲ್ಲ. ನನಗೂ ಮೊಮ್ಮಗಳಿಗೂ ಎರಡು ಹಾಸಿಗೆ ಹೇಳಿಟ್ಟಿರು. ಇವನ ಕೈ ಅಡುಗೆ ನಾಲ್ಕು ದಿನ ಉಂಡರೆ ಅಲ್ಲಿಗೇ ಬರ್ತೀವಿ."